ಬ್ರೇಕ್ ಪೆಡಲ್ ಕೆಳಗೆ ಹೋಗುತ್ತಿದೆಯೇ? ಹಳೆಯ ಅಂಬಾಸಿಡರ್, ಪದ್ಮಿನಿ, ಜೀಪುಗಳಲ್ಲಿ ದೋಷ ಹುಡುಕಿ ಹವಾ ತೆಗೆಯುವ ಕ್ರಮ

ಪೆಡಲ್ ಸ್ವಲ್ಪ ಕೆಳಗೆ ಹೋಯಿತೆಂದರೆ ಕಲಬುರಗಿ ಕಡೆ ಮೊದಲು ಬರುವ ಮಾತು ಒಂದೇ: "ಹವಾ ಹೊಕ್ಕದ, ಬ್ಲೀಡ್ ಮಾಡ್ರಿ." ಅಂದರೆ ಬ್ರೇಕ್ ಆಯಿಲ್ಲಿನ ಪೈಪಿನಲ್ಲಿ ಸೇರಿದ ಹವಾ ಹೊರತೆಗೆಯಿರಿ ಎಂದು. ನಾಲ್ಕೂ ಚಕ್ರದಲ್ಲಿ ಡ್ರಮ್ ಬ್ರೇಕ್ ಇರುವ ಹಳೆಯ ಗಾಡಿಗಳಲ್ಲಿ ಈ ಮಾತು ಎಷ್ಟೋ ಸಲ ತಪ್ಪಾಗುತ್ತದೆ. ಶೂ (ಡ್ರಮ್ಮಿನ ಒಳಗೋಡೆಗೆ ಒತ್ತಿ ಚಕ್ರ ನಿಲ್ಲಿಸುವ ಬಾಗಿದ ಪಟ್ಟಿ) ಸವೆದು ಡ್ರಮ್ಮಿನಿಂದ ದೂರ ಸರಿದಿದ್ದರೂ ಪೆಡಲ್ ಕೆಳಗೇ ಹೋಗುತ್ತದೆ. ಆಗ ಎರಡು ಬಾಟಲಿ ಬ್ರೇಕ್ ಆಯಿಲ್ ಸುರಿದರೂ ಪ್ರಯೋಜನವಿಲ್ಲ. ಇನ್ನು ನಿಜವಾಗಿಯೂ ಹವಾ ಹೊಕ್ಕಿದ್ದರೆ ಅದು ಎಲ್ಲಿಂದ ಹೊಕ್ಕಿತು ಎಂದು ಕೇಳಲೇಬೇಕು. ಮುಚ್ಚಿದ ವ್ಯವಸ್ಥೆಯೊಳಗೆ ಹವಾ ತಾನಾಗಿ ಹುಟ್ಟುವುದಿಲ್ಲ. ಬಂದ ದಾರಿಯನ್ನು ಮುಚ್ಚದೆ ಹವಾ ಮಾತ್ರ ತೆಗೆದರೆ ವಾರದೊಳಗೆ ಪೆಡಲ್ ಮತ್ತೆ ಮೆತ್ತಗಾಗುತ್ತದೆ.

ಈ ಎಚ್ಚರಕ್ಕೆ ಇನ್ನೊಂದು ಕಾರಣವಿದೆ. ಹಳೆಯ ಅಂಬಾಸಿಡರ್, ಪದ್ಮಿನಿ, ಜೀಪುಗಳಲ್ಲಿ ಇರುವುದು ಒಂದೇ ಸರ್ಕ್ಯೂಟು. ಪೆಡಲ್ ತಳ್ಳುವ ಮಾಸ್ಟರ್ ಸಿಲಿಂಡರಿನಿಂದ ಹೊರಟ ಒಂದೇ ಒತ್ತಡ ನಾಲ್ಕೂ ಚಕ್ರಕ್ಕೆ ಹಂಚಿಹೋಗುತ್ತದೆ. ಎಲ್ಲಿ ಒಂದು ಕಡೆ ಸೋರಿದರೂ ನಾಲ್ಕೂ ಬ್ರೇಕ್ ಹೋಗುತ್ತವೆ, ಉಳಿಯುವುದು ಹ್ಯಾಂಡ್ ಬ್ರೇಕ್ ಮಾತ್ರ. ಅನುಮಾನ ಉಳಿದಿರುವ ಗಾಡಿಯನ್ನು ರಸ್ತೆಗೆ ಇಳಿಸಬೇಡಿ.

ಮೊದಲು ಪೆಡಲ್ ಏನು ಹೇಳುತ್ತದೆ ನೋಡಿ

ಎಂಜಿನ್ ಬಂದ್ ಮಾಡಿ, ಗಾಡಿ ನಿಂತಲ್ಲೇ ಪೆಡಲ್ ಒತ್ತಿ. ಯಾವ ನಿಪ್ಪಲ್ಲಿಗೂ (ಚಕ್ರದ ಹಿಂದೆ ಇರುವ, ಹವಾ ಬಿಡುವ ಸಣ್ಣ ಸ್ಕ್ರೂ) ಕೈ ಹಚ್ಚುವ ಮೊದಲು ಕಾಲಿನಿಂದಲೇ ಮುಕ್ಕಾಲು ಪಾಲು ತಿಳಿಯುತ್ತದೆ.

ಮೊದಲ ಒತ್ತಿಗೆ ತುಂಬಾ ಕೆಳಗೆ ಹೋಗಿ, ಬೇಗಬೇಗ ಎರಡು ಮೂರು ಸಲ ಒತ್ತಿದಾಗ ಮೇಲೆ ಬಂದು ಕಲ್ಲಿನಂತೆ ಗಟ್ಟಿಯಾದರೆ ಶೂ ಸಡಿಲವಾಗಿದೆ. ಅಡ್ಜಸ್ಟ್ ಮಾಡಿದರೆ ಸಾಕು, ಆಯಿಲ್ ಮುಟ್ಟುವ ಕೆಲಸವೇ ಇಲ್ಲ. ಮೇಲೆ ಬಂದ ಮೇಲೂ ಕಾಲ ಕೆಳಗೆ ಪುಟಿಯುತ್ತಿದ್ದರೆ ಒಳಗೆ ಹವಾ ಇದೆ. ದ್ರವವನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ, ಹವಾ ಕುಗ್ಗುತ್ತದೆ. ಆ ಪುಟಿತ ಅದರದೇ.

ಪೆಡಲ್ ಗಟ್ಟಿಯಾಗಿ ನಿಂತು, ಕಾಲು ಹಾಗೇ ಇಟ್ಟರೆ ನಿಧಾನವಾಗಿ ನೆಲದ ಕಡೆ ಇಳಿಯುತ್ತಿದ್ದರೆ ಒತ್ತಡ ಎಲ್ಲೋ ತಪ್ಪಿಸಿಕೊಳ್ಳುತ್ತಿದೆ. ಒಂದು ನಿಮಿಷ ಹಿಡಿದು ನೋಡಿ, ಜೊತೆಗೆ ಆಯಿಲ್ ತುಂಬುವ ಡಬ್ಬಿಯಾದ ರಿಸರ್ವಾಯರಿನಲ್ಲಿ ಮಟ್ಟ ಗುರುತು ಮಾಡಿಕೊಳ್ಳಿ. ಮಟ್ಟ ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ ಹೊರಗೆ ಸೋರಿಕೆ ಇದೆ. ಮಟ್ಟ ಇದ್ದಲ್ಲೇ ಇದ್ದು ಪೆಡಲ್ ಮಾತ್ರ ಇಳಿದರೆ ಮಾಸ್ಟರ್ ಸಿಲಿಂಡರಿನ ಮುಖ್ಯ ಕಪ್ (ಪಿಸ್ಟನ್ನಿನ ಮುಂದಿನ ರಬ್ಬರ್ ಸೀಲ್) ಸವೆದಿದೆ, ಆಯಿಲ್ ಕಪ್ಪಿನ ಪಕ್ಕದಿಂದ ಹಿಂದಕ್ಕೆ ಜಾರುತ್ತಿದೆ. ಈ ದೋಷ ಬ್ಲೀಡಿಂಗಿನಿಂದ ಎಂದಿಗೂ ಹೋಗದು.

ಪೆಡಲ್ ಗಟ್ಟಿಯಾಗಿದ್ದೂ ಗಾಡಿ ನಿಲ್ಲುತ್ತಿಲ್ಲವೆಂದರೆ ಹೈಡ್ರಾಲಿಕ್ ಸರಿ ಇದೆ, ಡ್ರಮ್ಮಿನೊಳಗೆ ನೋಡಬೇಕು. ಶೂ ಮೇಲಿನ ಲೈನಿಂಗ್ ಗಾಜಿನಂತೆ ನುಣುಪಾಗಿರುತ್ತದೆ, ಇಲ್ಲವೇ ಆಕ್ಸಲ್ ಸೀಲ್ ಅಥವಾ ಶೂಗಳನ್ನು ತಳ್ಳುವ ವೀಲ್ ಸಿಲಿಂಡರ್ ಸೋರಿ ಶೂ ನೆನೆದಿರುತ್ತದೆ. ಒಂದೇ ಕಡೆ ಎಳೆದರೂ ಇದೇ ಜಾಗ ನೋಡಿ: ಗಾಡಿ ಬಲಕ್ಕೆ ಎಳೆಯುತ್ತಿದ್ದರೆ ಎಡಗಡೆಯ ಚಕ್ರ ಕೆಲಸ ಮಾಡುತ್ತಿಲ್ಲ. ಕೊನೆಯ ವರ್ಷಗಳ ಅಂಬಾಸಿಡರುಗಳಲ್ಲಿ ಮುಂದೆ ಡಿಸ್ಕ್ ಮತ್ತು ಎಂಜಿನ್ನಿನ ಎಳೆತದಿಂದ ಪೆಡಲಿಗೆ ಬಲ ಕೊಡುವ ವ್ಯಾಕ್ಯೂಮ್ ಸರ್ವೋ ಇರುವುದುಂಟು. ಅಲ್ಲಿ ಎಂಜಿನ್ ಓಡುತ್ತಿರುವಾಗಲೂ ಪೆಡಲ್ ಕಲ್ಲಾದರೆ ಸರ್ವೋ ಪೈಪು ಮೊದಲು ನೋಡಿ.

ಬೆಳಿಗ್ಗೆ ಸರಿಯಾಗಿದ್ದು, ಲೋಡ್ ಹಾಕಿಕೊಂಡು ಮಧ್ಯಾಹ್ನ ಓಡಿಸಿದ ಮೇಲೆ ಪೆಡಲ್ ಸತ್ತಂತಾಗಿ, ಅರ್ಧ ಗಂಟೆ ನಿಲ್ಲಿಸಿದರೆ ಮರಳಿ ಬಂದರೆ ಆಯಿಲ್ ಕುದಿಯುತ್ತಿದೆ. ಬ್ರೇಕ್ ಆಯಿಲ್ ಗಾಳಿಯಿಂದ ತೇವ ಹೀರುತ್ತದೆ. ಹೊಸ ಡಾಟ್ 3 ದರ್ಜೆಯ ಆಯಿಲ್ ಕನಿಷ್ಠ 205 ಡಿಗ್ರಿಯವರೆಗೆ ಕುದಿಯದೆ ತಡೆಯಬೇಕು ಎಂಬುದು ನಿಯಮ. 3.7 ಶೇಕಡಾ ನೀರು ಸೇರಿದ ಮೇಲೆ ಉಳಿಯುವ ಮಿತಿ 140 ಡಿಗ್ರಿ. ಡಾಟ್ 4ರಲ್ಲಿ ಈ ಅಂಕಿಗಳು 230 ಮತ್ತು 155. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ಕಡೆಯ ನಮ್ಮ ಜಿಲ್ಲೆಗಳಲ್ಲಿ ಹೊರಗಿನ ಬಿಸಿಲೇ 40 ದಾಟಿರುತ್ತದೆ, ಮೇಲೆ ಶೂ ತಿಕ್ಕುತ್ತಿದ್ದರೆ ಡ್ರಮ್ಮಿಗೆ ಆರಲು ಅವಕಾಶವೇ ಇರದು. ಹಳೆಯ ಆಯಿಲ್ ಪೂರ್ತಿ ತೆಗೆದು ಹೊಸದು ಹಾಕುವುದೊಂದೇ ದಾರಿ. ಎರಡು ವರ್ಷಕ್ಕೊಮ್ಮೆ ಬದಲಿಸಿ. ಜೂನ್ ಮಳೆ ಹಿಡಿಯುವ ಮೊದಲು, ಒಣ ಹವೆಯಲ್ಲಿ ಈ ಕೆಲಸ ಮುಗಿಸುವುದು ಒಳ್ಳೆಯದು.

ಬ್ರೇಕ್ ಬಿಡದೆ ಹಿಡಿದುಕೊಂಡರೆ

ಬಿಸಿಲಲ್ಲಿ ನಿಂತ ಗಾಡಿ ಸಂಜೆ ತಳ್ಳಿದರೂ ಸರಿಯದಿದ್ದರೆ, ಅಥವಾ ಹತ್ತು ಕಿಲೋಮೀಟರ್ ಓಡಿದ ಮೇಲೆ ಪೆಡಲ್ ಮೇಲೇರಿ ಗಟ್ಟಿಯಾಗುತ್ತ ಹೋಗಿ ಚಕ್ರ ಬಿಗಿಯಾದರೆ ಹೀಗೆ ಮಾಡಿ. ಬಿಗಿ ಹಿಡಿದಿರುವಾಗಲೇ ಒಂದು ಚಕ್ರದ ನಿಪ್ಪಲ್ ಸ್ವಲ್ಪ ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಬಿಟ್ಟುಕೊಂಡರೆ ಒತ್ತಡ ಒಳಗೆ ಸಿಕ್ಕಿಬಿದ್ದಿತ್ತು ಎಂದರ್ಥ. ಬಿಡದಿದ್ದರೆ ದೋಷ ಮೆಕ್ಯಾನಿಕಲ್: ರಿಟರ್ನ್ ಸ್ಪ್ರಿಂಗ್, ತುಕ್ಕು ಹಿಡಿದ ಪಿಸ್ಟನ್, ಅಥವಾ ಬಿಗಿಯಾದ ಹ್ಯಾಂಡ್ ಬ್ರೇಕ್ ಕೇಬಲ್.

ಒತ್ತಡ ಸಿಕ್ಕಿಬಿದ್ದಿದ್ದು ಒಂದೇ ಚಕ್ರದಲ್ಲಾದರೆ ಆ ಚಕ್ರದ ರಬ್ಬರ್ ಹೋಸ್ ಒಳಗೆ ಊದಿ ಮುಚ್ಚಿಕೊಂಡಿದೆ. ಹೊರಗಿನಿಂದ ಹೋಸ್ ಚೆನ್ನಾಗಿಯೇ ಕಾಣುತ್ತದೆ, ಅದನ್ನು ನಂಬಬೇಡಿ. ಹಿಂದಿನ ಎರಡೂ ಚಕ್ರ ಒಟ್ಟಿಗೆ ಹಿಡಿದರೆ ಆಕ್ಸಲ್ಲಿಗೆ ಹೋಗುವ ನಡುವಿನ ಹೋಸ್ ನೋಡಿ. ನಾಲ್ಕೂ ಹಿಡಿದರೆ ಮಾಸ್ಟರ್ ಸಿಲಿಂಡರ್. ಅದರೊಳಗೆ ಸೂಜಿಮೊನೆಯಷ್ಟು ಸಣ್ಣ ರಂಧ್ರವೊಂದಿದೆ. ಪೆಡಲ್ ಬಿಟ್ಟಾಗ, ಕಾವಿಗೆ ಆಯಿಲ್ ಹಿಗ್ಗಿದಾಗ, ಹೆಚ್ಚಾದದ್ದು ರಿಸರ್ವಾಯರಿಗೆ ಮರಳುವುದು ಅದರ ಮೂಲಕ. ಪೆಡಲಿನಿಂದ ಪಿಸ್ಟನ್ನಿಗೆ ಹೋಗುವ ಪುಶ್ ರಾಡ್ ಬಿಗಿಯಾಗಿ ಪಿಸ್ಟನ್ ಪೂರ್ತಿ ಹಿಂದೆ ಬರದಿದ್ದರೆ, ಅಥವಾ ರಬ್ಬರ್ ಕಪ್ ಊದಿದ್ದರೆ ರಂಧ್ರ ಮುಚ್ಚಿಕೊಳ್ಳುತ್ತದೆ. ಪೆಡಲನ್ನು ಬೆರಳಿನಿಂದ ಒತ್ತಿದರೆ ತುದಿಯಲ್ಲಿ ಸುಮಾರು 10ರಿಂದ 15 ಮಿಲಿಮೀಟರ್ ಖಾಲಿ ಆಟ ಸಿಗಬೇಕು. ಗಾಡಿಯ ಪುಸ್ತಕ ಇದ್ದರೆ ಅದರಲ್ಲಿಯ ಅಳತೆಯೇ ಅಂತಿಮ.

ಕಪ್ ಊದುವುದಕ್ಕೆ ಕಾರಣ ಹೆಚ್ಚಾಗಿ ಒಂದೇ. ಯಾರೋ ಎಂಜಿನ್ ಆಯಿಲ್ ಅಥವಾ ಪವರ್ ಸ್ಟೀರಿಂಗ್ ಆಯಿಲ್ ಟಾಪ್‌ಅಪ್ ಮಾಡಿರುತ್ತಾರೆ, ಇಲ್ಲವೇ ಬಿಡಿಭಾಗಗಳನ್ನು ಡೀಸೆಲ್ಲಿನಲ್ಲಿ ತೊಳೆದು ಹಾಗೇ ಕೂರಿಸಿರುತ್ತಾರೆ. ಪರೀಕ್ಷೆ ಸುಲಭ. ರಿಸರ್ವಾಯರಿನಿಂದ ನಾಲ್ಕು ಹನಿ ತೆಗೆದು ಒಂದು ಗ್ಲಾಸ್ ನೀರಿಗೆ ಬಿಡಿ. ಬ್ರೇಕ್ ಆಯಿಲ್ ಆದರೆ ನೀರಿನಲ್ಲಿ ಕರಗಿ ಕಾಣದಂತಾಗುತ್ತದೆ. ಮೇಲೆ ಬಣ್ಣದ ಪದರ ತೇಲಿದರೆ ಪೆಟ್ರೋಲಿಯಂ ಎಣ್ಣೆ ಸೇರಿದೆ. ಹಾಗಾದರೆ ತೊಳೆದು ಬಿಡುವುದು ಸಾಲದು, ಮಾಸ್ಟರ್, ವೀಲ್ ಸಿಲಿಂಡರುಗಳ ಎಲ್ಲ ರಬ್ಬರ್, ಎಲ್ಲ ಹೋಸ್ ಬದಲಾಗಲೇಬೇಕು. ಇಲ್ಲಿ ಉಳಿತಾಯ ಮಾಡಲು ಹೋಗಬೇಡಿ.

ಸೋರಿಕೆ ಹುಡುಕುವುದು

ಪ್ರತಿ ಚಕ್ರದ ಒಳಮಗ್ಗುಲು, ಹಿಂಬದಿ ಪ್ಲೇಟಿನ ಕೆಳ ಅಂಚು ನೋಡಿ. ನಮ್ಮ ಎರೆಮಣ್ಣಿನ ಧೂಳು, ಸೇಡಂ ಚಿತ್ತಾಪುರ ಕಡೆಯ ಸುಣ್ಣಕಲ್ಲಿನ ಪುಡಿ ಎಲ್ಲ ಕಡೆ ಒಣಗಿ ಕೂತಿರುತ್ತದೆ. ಆಯಿಲ್ ಸೋರಿದಲ್ಲಿ ಮಾತ್ರ ಅದು ಕಪ್ಪಾಗಿ ಅಂಟಿಕೊಂಡಿರುತ್ತದೆ. ಡ್ರಮ್ ತೆಗೆದು ವೀಲ್ ಸಿಲಿಂಡರಿನ ರಬ್ಬರ್ ಟೋಪಿಯ ಅಂಚನ್ನು ಸಣ್ಣ ಸ್ಕ್ರೂಡ್ರೈವರಿನಿಂದ ಎತ್ತಿ. ತೇವ ಮಾತ್ರ ಇದ್ದರೆ ಸದ್ಯಕ್ಕೆ ನಡೆಯುತ್ತದೆ, ಹನಿ ಹರಿದು ಬಂದರೆ ಸಿಲಿಂಡರ್ ಬಿಚ್ಚಬೇಕು. ಡ್ರಮ್ ಹೊರಗಿರುವಾಗ ಯಾರೂ ಪೆಡಲ್ ತುಳಿಯಬಾರದು, ಪಿಸ್ಟನ್ ಸಿಡಿದು ಹೊರಬರುತ್ತದೆ. ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಹಳೆಯ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆ ಬಿಸಾಡಿ.

ಬಿಚ್ಚಿದ ಸಿಲಿಂಡರಿನ ಬೋರನ್ನು ಮೆಥಿಲೇಟೆಡ್ ಸ್ಪಿರಿಟ್ ಅಥವಾ ಬ್ರೇಕ್ ಆಯಿಲ್ಲಿನಿಂದಲೇ ತೊಳೆದು, ಉಗುರು ಆಡಿಸಿ. ಉಗುರು ಎಲ್ಲೂ ತಡೆಯದಿದ್ದರೆ ಹೊಸ ರಬ್ಬರ್ ಕಿಟ್ ಸಾಕು. ತುಕ್ಕಿನ ಗುಳಿಗೆ ಉಗುರು ಸಿಕ್ಕಿಕೊಂಡರೆ ಹೊಸ ಕಪ್ಪೂ ಅಲ್ಲೇ ಹರಿಯುತ್ತದೆ. ಸಿಲಿಂಡರ್ ಬದಲಿಸಿ, ಸಿಗದಿದ್ದರೆ ಲೇತ್ ಅಂಗಡಿಯಲ್ಲಿ ಸ್ಲೀವ್ ಹಾಕಿಸಿ. ಊರಿನಲ್ಲಿ ಸಿಗದ ಕಿಟ್‌ಗಳನ್ನು ಸೊಲ್ಲಾಪುರ ಅಥವಾ ಹೈದರಾಬಾದಿನಿಂದ ತರಿಸುವಾಗ ಹಳೆಯ ಕಪ್ಪನ್ನೇ ಮಾದರಿಗೆ ಕಳಿಸಿ. ಒಂದೇ ಗಾಡಿಯಲ್ಲಿ ಮುಂದಿನ, ಹಿಂದಿನ ಅಳತೆ ಬೇರೆ ಇರುವುದುಂಟು.

ಚಕ್ರಗಳೆಲ್ಲ ಒಣಗಿದ್ದೂ ಆಯಿಲ್ ಕಡಿಮೆಯಾಗುತ್ತಿದ್ದರೆ ಮಾಸ್ಟರ್ ಸಿಲಿಂಡರಿನ ಹಿಂದಿನ ಸೀಲ್ ನೋಡಿ. ಪುಶ್ ರಾಡಿನ ರಬ್ಬರ್ ಬೂಟ್ ಎತ್ತಿದರೆ ಒಳಗೆ ಆಯಿಲ್ ನಿಂತಿರುತ್ತದೆ. ಜೀಪಿನಲ್ಲಿ ಮಾಸ್ಟರ್ ಇರುವುದು ಡ್ರೈವರ್ ಕಾಲಡಿಯ ತಗಡಿನ ಕೆಳಗೆ, ಚಾಸಿಗೆ ಹೊಂದಿಕೊಂಡು. ಅಲ್ಲಿ ಸೋರಿದ್ದು ಸೀದಾ ನೆಲಕ್ಕೆ ಹೋಗುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಸರ್ವೋ ಇದ್ದ ಗಾಡಿಯಲ್ಲಿ ಸೋರಿದ ಆಯಿಲ್ ಸರ್ವೋದೊಳಗೆ ಹೋಗಿ, ಅಲ್ಲಿಂದ ಎಂಜಿನ್ ಸೇರಿ ಬಿಳಿ ಹೊಗೆಯಾಗಿ ಹೊರಬೀಳಬಹುದು.

ಹವಾ ತೆಗೆಯುವುದು

ಬೇಕಾದದ್ದು: ಸೀಲ್ ಒಡೆಯದ ಡಾಟ್ 3 ಅಥವಾ ಡಾಟ್ 4 ಬಾಟಲಿ, ಬರೀ ಹವಾ ತೆಗೆಯಲು 500 ಮಿಲಿಲೀಟರ್, ಪೂರ್ತಿ ಬದಲಿಸಲು ಒಂದು ಲೀಟರ್. ನಿಪ್ಪಲ್ಲಿನ ಮೇಲೆ ಬಿಗಿಯಾಗಿ ಕೂರುವ, ಒಳಗಿನದು ಕಾಣುವ ಪ್ಲಾಸ್ಟಿಕ್ ಟ್ಯೂಬ್ ಮುಕ್ಕಾಲು ಮೀಟರ್. ಒಂದು ಗಾಜಿನ ಬಾಟಲಿ. ಆರು ಮೂಲೆಯ ರಿಂಗ್ ಪಾನಾ: ಅಂಬಾಸಿಡರ್, ಜೀಪಿಗೆ ಇಂಚಿನದು, ಪದ್ಮಿನಿಗೆ ಮಿಲಿಮೀಟರಿನದು. ಇಂಚಿನ ನಿಪ್ಪಲ್ಲಿಗೆ ಸುಮಾರಾಗಿ ಹೊಂದುವ ಮಿಲಿಮೀಟರ್ ಪಾನಾ ಹಾಕಿದರೆ ತಲೆ ಉರುಟಾಗುವುದು ಖಚಿತ. ಡಾಟ್ 5 ಎಂದು ಬರೆದದ್ದು ಸಿಲಿಕೋನ್, ಅದನ್ನು ಇವುಗಳ ಜೊತೆ ಬೆರೆಸಬಾರದು. ಡಾಟ್ 5.1 ಬೇರೆ, ಅದು ಡಾಟ್ 4ರ ಜಾತಿಯದೇ. ಕಳೆದ ವರ್ಷ ತೆರೆದಿಟ್ಟ ಅರ್ಧ ಬಾಟಲಿಯನ್ನು ಬಳಸಬೇಡಿ.

ಅಂಗಳದಲ್ಲಿ ಶಹಾಬಾದ್ ಪರಸಿ ಹಾಸಿದ್ದರೆ ಜಾಕನ್ನು ಅದರ ಮೇಲೆ ನೇರ ಇಡಬೇಡಿ. ಕೆಳಗೆ ಪೊಳ್ಳು ಇದ್ದ ಕಲ್ಲು ಭಾರಕ್ಕೆ ಪಟ್ಟನೆ ಒಡೆಯುತ್ತದೆ. ಎರೆಮಣ್ಣಿನಲ್ಲಾದರೆ ಜಾಕ್ ಹೂತುಹೋಗುತ್ತದೆ. ಎರಡಕ್ಕೂ ಎರಡು ಇಂಚು ದಪ್ಪದ ಹಲಗೆ ಕೆಳಗಿರಲಿ. ಎತ್ತಿದ ಮೇಲೆ ಸ್ಟ್ಯಾಂಡ್ ಕೊಡಿ. ನೆಲದಲ್ಲಿರುವ ಚಕ್ರಗಳಿಗೆ ಎರಡೂ ಕಡೆ ಅಡ್ಡಗಲ್ಲು ಇಟ್ಟು ಹ್ಯಾಂಡ್ ಬ್ರೇಕ್ ಬಿಡಿ.

ನಂತರ ಶೂ ಅಡ್ಜಸ್ಟ್‌ಮೆಂಟ್. ಕೆಲವು ಗಾಡಿಗಳಲ್ಲಿ ಅಡ್ಜಸ್ಟರ್ ಡ್ರಮ್ಮಿನ ತೂತಿನಿಂದ ಸ್ಕ್ರೂಡ್ರೈವರಿಗೆ ಸಿಗುತ್ತದೆ, ಕೆಲವುಗಳಲ್ಲಿ ಹಿಂಬದಿ ಪ್ಲೇಟಿನ ಮೇಲೆ ತಲೆ ಇರುತ್ತದೆ. ಪ್ರತಿ ಶೂಗೂ ಬೇರೆ ಅಡ್ಜಸ್ಟರ್ ಇದ್ದರೆ ಎರಡನ್ನೂ ಮಾಡಬೇಕು. ಚಕ್ರ ತಿರುಗದಷ್ಟು ಬಿಗಿ ಮಾಡಿ ಹಾಗೇ ಬಿಡಿ, ಹವಾ ತೆಗೆದ ನಂತರ ಸಡಿಲಿಸುವಿರಿ. ಶೂ ಡ್ರಮ್ಮಿಗೆ ಒತ್ತಿಕೊಂಡಿದ್ದರೆ ವೀಲ್ ಸಿಲಿಂಡರಿನ ಪಿಸ್ಟನ್‌ಗಳು ಒಳಗೇ ಇರುತ್ತವೆ, ಹವಾ ನಿಲ್ಲಲು ಜಾಗ ಕಡಿಮೆಯಾಗುತ್ತದೆ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಆಮೇಲೆ ಆಯಿಲ್ ಸಾಲಲಿಲ್ಲ ಎನ್ನುತ್ತಾರೆ.

ರಿಸರ್ವಾಯರ್ ಮುಚ್ಚಳದ ಸುತ್ತ ಧೂಳು ಒರೆಸಿದ ಮೇಲೆಯೇ ತೆರೆಯಿರಿ. ಮುಚ್ಚಳದಲ್ಲಿ ಉಸಿರಾಟದ ತೂತಿದೆ, ಅದು ಮಣ್ಣಿನಿಂದ ಮುಚ್ಚಿರಬಾರದು. ಕಪ್ಪಾದ ಹಳೆಯ ಆಯಿಲ್ಲನ್ನು ಸಿರಿಂಜಿನಿಂದ ಎಳೆದು ತೆಗೆದು ಹೊಸದು ತುಂಬಿ. ಕೊಳೆಯನ್ನು ಇಡೀ ಪೈಪಿನ ಮೂಲಕ ಓಡಿಸುವುದು ಬೇಡ.

ಸ್ಟೀರಿಂಗ್ ಬಲಕ್ಕಿರುವ ನಮ್ಮ ಗಾಡಿಗಳಲ್ಲಿ ಸಾಮಾನ್ಯ ಕ್ರಮ: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ದೂರದ ಚಕ್ರ ಮೊದಲು. ಮಾಸ್ಟರ್ ಸಿಲಿಂಡರ್ ಬಿಚ್ಚಿ ಹಾಕಿದ್ದರೆ ಅದರದೇ ಹವಾ ಮೊದಲು ತೆಗೆಯಬೇಕು: ಪೈಪಿನ ಯೂನಿಯನ್ (ಜೋಡಣೆಯ ನಟ್) ಅರ್ಧ ಸುತ್ತು ಸಡಿಲಿಸಿ, ಪೆಡಲ್ ನಿಧಾನ ಒತ್ತಿಸಿ, ಗುಳ್ಳೆ ನಿಂತ ಮೇಲೆ ಬಿಗಿ ಮಾಡಿ.

ಈ ಕೆಲಸಕ್ಕೆ ಇಬ್ಬರು ಬೇಕು. ನಿಪ್ಪಲ್ ಸುತ್ತ ತಂತಿ ಬ್ರಷ್ ಆಡಿಸಿ, ಮೊದಲು ಪಾನಾ ಹಾಕಿ, ಮೇಲೆ ಟ್ಯೂಬ್ ಸಿಕ್ಕಿಸಿ. ಟ್ಯೂಬಿನ ಇನ್ನೊಂದು ತುದಿ ಬಾಟಲಿಯ ಆಯಿಲ್ಲಿನಲ್ಲಿ ಮುಳುಗಿರಲಿ. ಕೆಳಗಿರುವವನು "ತುಳಿ" ಎನ್ನಬೇಕು. ಮೇಲಿನವನು ನಿಧಾನ ತುಳಿದು "ಹಿಡಿದೀನಿ" ಎಂದ ಮೇಲೆ ನಿಪ್ಪಲ್ ಕಾಲು ಸುತ್ತು ತೆರೆಯಬೇಕು. ಪೆಡಲ್ ಇಳಿಯುತ್ತದೆ. ಅದು ಇಳಿದು ನಿಲ್ಲುವ ಮೊದಲೇ ನಿಪ್ಪಲ್ ಮುಚ್ಚಿ, ಆಮೇಲೆ "ಬಿಡು" ಎನ್ನಬೇಕು. ಈ ಮೂರು ಮಾತು ಬಿಟ್ಟು ಬೇರೆ ಮಾತು ಬೇಡ. ನಿಪ್ಪಲ್ ತೆರೆದಿರುವಾಗ ಕಾಲು ಎತ್ತಿದರೆ ತೆಗೆದ ಹವಾ ಮರಳಿ ಒಳಗೆ ಹೋಗುತ್ತದೆ.

ಪೆಡಲ್ ಕೆಳಗೆ ಒಂದೂವರೆ ಇಂಚಿನ ಕಟ್ಟಿಗೆ ತುಂಡು ಇಡಿ. ವರ್ಷಗಟ್ಟಲೆ ಪಿಸ್ಟನ್ ಓಡಾಡದ ಬೋರಿನ ತುದಿಯಲ್ಲಿ ತುಕ್ಕು, ಕೊಳೆ ಕೂತಿರುತ್ತದೆ. ಪೆಡಲ್ ನೆಲ ಮುಟ್ಟಿಸಿದರೆ ಕಪ್ಪಿನ ತುಟಿ ಅಲ್ಲಿಗೆ ಹೋಗಿ ಹರಿಯುತ್ತದೆ. ಬ್ಲೀಡ್ ಮಾಡಿದ ಮರುದಿನವೇ ಮಾಸ್ಟರ್ ಹೋಯಿತು ಎಂಬ ದೂರಿನ ಹಿಂದೆ ಸಾಮಾನ್ಯವಾಗಿ ಇರುವುದು ಇದೇ.

ಟ್ಯೂಬಿನಲ್ಲಿ ಕಣ್ಣಿಡಿ. ಮೊದಲು ಚಹಾ ಬಣ್ಣದ ಅಥವಾ ಕಪ್ಪು ಆಯಿಲ್ ಬರುತ್ತದೆ. ಪೈಪಿನಲ್ಲಿ ನಿಂತ ಹವಾ ಉದ್ದುದ್ದ ಖಾಲಿ ತುಂಡುಗಳಾಗಿ ಬರುತ್ತದೆ, ಎರಡು ಮೂರು ಒತ್ತಿಗೆ ಮುಗಿಯುತ್ತದೆ. ಸಿಲಿಂಡರಿನ ಮೂಲೆಯಲ್ಲಿ ಅಂಟಿದ ಹವಾ ಸಾಸಿವೆ ಕಾಳಿನಂಥ ಗುಳ್ಳೆಗಳಾಗಿ ಬಹಳ ಹೊತ್ತು ಬರುತ್ತದೆ. ಸಿಲಿಂಡರನ್ನು ರಬ್ಬರ್ ಸುತ್ತಿಗೆಯಿಂದ ಹಗುರ ತಟ್ಟಿದರೆ ಅವು ಬಿಟ್ಟುಕೊಳ್ಳುತ್ತವೆ. ತಿಳಿಯಾದ ಆಯಿಲ್ ಗುಳ್ಳೆಯಿಲ್ಲದೆ ನಾಲ್ಕೈದು ಒತ್ತು ಬಂದ ಮೇಲೆ ಆ ಚಕ್ರ ಮುಗಿಯಿತು. ಐದಾರು ಒತ್ತಿಗೊಮ್ಮೆ ರಿಸರ್ವಾಯರ್ ತುಂಬಿಸಿ. ಒಮ್ಮೆ ಅದು ಖಾಲಿಯಾದರೆ ಎಲ್ಲ ಮೊದಲಿನಿಂದ. ನಿಪ್ಪಲ್ ಬಿಗಿ ಮಾಡಲು ಗಿಡ್ಡ ಪಾನಾ, ಮಣಿಕಟ್ಟಿನ ಬಲ ಸಾಕು. ಒಳಗೆ ಟೊಳ್ಳಿರುವ ಸಣ್ಣ ಸ್ಕ್ರೂ ಅದು, ಜೋರು ಮಾಡಿದರೆ ಮುರಿಯುತ್ತದೆ.

ತುಕ್ಕು ಹಿಡಿದು ತಿರುಗದ ನಿಪ್ಪಲ್ಲಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿ. ಬೆಳಿಗ್ಗೆ ತಲೆಯ ಮೇಲೆ ಸಣ್ಣಗೆ ಬಡಿದು, ಮೊದಲು ಕೂದಲಷ್ಟು ಬಿಗಿ ಮಾಡಿ, ಆಮೇಲೆ ಬಿಚ್ಚಿ. ಬೆಂಕಿ ಹಿಡಿಯಬೇಡಿ: ಬ್ರೇಕ್ ಆಯಿಲ್ ಹೊತ್ತಿಕೊಳ್ಳುತ್ತದೆ, ಒಳಗಿನ ರಬ್ಬರ್ ಸುಡುತ್ತದೆ.

ಎಷ್ಟು ತೆಗೆದರೂ ಮೆತ್ತಗೇ ಇದ್ದರೆ

ನಿಪ್ಪಲ್ ಸಿಲಿಂಡರಿನ ಮೇಲ್ಭಾಗದಲ್ಲಿದೆಯೇ ನೋಡಿ. ಮುಂದಿನ ಡ್ರಮ್ಮಿನಲ್ಲಿ ಎರಡೆರಡು ಸಿಲಿಂಡರ್ ಇರುವ ಗಾಡಿಗಳಲ್ಲಿ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಅದಲುಬದಲಾದರೆ ನಿಪ್ಪಲ್ ಕೆಳಗೆ ಬರುತ್ತದೆ. ಹವಾ ಮೇಲೆ ಉಳಿಯುತ್ತದೆ, ಆಯಿಲ್ ಮಾತ್ರ ಹೊರಬರುತ್ತದೆ.

ಹೋಸ್‌ಗಳನ್ನು ನುಣುಪು ದವಡೆಯ ಕ್ಲ್ಯಾಂಪಿನಿಂದ ಒಂದೊಂದಾಗಿ ಒತ್ತಿ ಹಿಡಿದು ಪೆಡಲ್ ನೋಡಿ. ಯಾವುದನ್ನು ಮುಚ್ಚಿದಾಗ ಪೆಡಲ್ ಗಟ್ಟಿಯಾಯಿತೋ ದೋಷ ಅದರ ಆಚೆಗಿದೆ. ಬಿರುಕು ಬಿಟ್ಟ ಹೋಸ್‌ಗೆ ಕ್ಲ್ಯಾಂಪ್ ಹಾಕಬೇಡಿ, ಅದನ್ನು ಬದಲಿಸಿ. ಎಲ್ಲ ಮುಚ್ಚಿದರೂ ಪೆಡಲ್ ಮೆತ್ತಗಿದ್ದರೆ ಮಾಸ್ಟರ್ ಸಿಲಿಂಡರ್, ಅಥವಾ ಅಲ್ಲಿಂದ ಹೋಸ್‌ವರೆಗಿನ ಪೈಪು. ಪೆಡಲ್ ತುಳಿದಾಗ ಹೋಸ್ ಕಣ್ಣಿಗೆ ಕಾಣುವಷ್ಟು ಉಬ್ಬಿದರೆ ಮೆತ್ತಗಾಗಲು ಹವಾ ಬೇಕಿಲ್ಲ, ಆ ಉಬ್ಬೇ ಸಾಕು.

ಸೋರಿಕೆ ಎಲ್ಲೂ ಇಲ್ಲ, ಆದರೂ ಕೆಲವೇ ದಿನಗಳಲ್ಲಿ ಹವಾ ಮರಳುತ್ತದೆ ಎಂದರೆ ಮಾಸ್ಟರ್ ಸಿಲಿಂಡರಿನ ತುದಿಯಲ್ಲಿರುವ ಚೆಕ್ ವಾಲ್ವನ್ನು ಸಂಶಯಿಸಿ. ಡ್ರಮ್ ಬ್ರೇಕಿನ ಪೈಪಿನಲ್ಲಿ ಪೆಡಲ್ ಬಿಟ್ಟ ಮೇಲೂ ಅಲ್ಪ ಒತ್ತಡ ಉಳಿಸುವುದು ಅದರ ಕೆಲಸ. ಆ ಒತ್ತಡದಿಂದಲೇ ವೀಲ್ ಸಿಲಿಂಡರಿನ ಕಪ್ಪಿನ ತುಟಿ ಗೋಡೆಗೆ ಒತ್ತಿಕೊಂಡಿರುತ್ತದೆ. ಅದಿಲ್ಲದಿದ್ದರೆ ಪೆಡಲ್ ಬಿಡುವಾಗ ಕಪ್ ಹೊರಗಿನ ಹವೆಯನ್ನು ಒಳಗೆ ಎಳೆಯುತ್ತದೆ. ಕಿಟ್ ಹಾಕುವಾಗ ಈ ವಾಲ್ವ್ ಅಥವಾ ಅದರ ಕೆಳಗಿನ ರಬ್ಬರ್ ವಾಷರ್ ಬಿಟ್ಟುಹೋಗಿರುತ್ತದೆ. ಪೆಡಲ್ ತುಳಿದು ಬಿಟ್ಟು, ಸ್ವಲ್ಪ ತಡೆದು ನಿಪ್ಪಲ್ ತೆರೆಯಿರಿ. ಸಣ್ಣ ಚಿಮ್ಮು ಬಂದರೆ ವಾಲ್ವ್ ಬದುಕಿದೆ.

ವ್ಯಾಕ್ಯೂಮ್ ಪಂಪಿನಿಂದ ಎಳೆಯುವವರಿಗೆ ಗುಳ್ಳೆ ನಿಲ್ಲುವುದೇ ಇಲ್ಲ, ಏಕೆಂದರೆ ಸಡಿಲಾದ ನಿಪ್ಪಲ್ಲಿನ ಥ್ರೆಡ್ಡಿನಿಂದಲೂ ಹವಾ ಟ್ಯೂಬಿಗೆ ಬರುತ್ತದೆ. ಪೆಡಲ್ ಗಟ್ಟಿಯಾಗಿದ್ದರೆ ಆ ಗುಳ್ಳೆಗೆ ಹೆದರಬೇಕಿಲ್ಲ. ನಿಪ್ಪಲ್ ತೆರೆದಿಟ್ಟು ತಾನಾಗಿ ಹನಿಯಲು ಬಿಡುವ ವಿಧಾನ ರಿಸರ್ವಾಯರ್ ಬಾನೆಟ್ಟಿನಡಿ ಎತ್ತರದಲ್ಲಿದ್ದರೆ ಚೆನ್ನಾಗಿ ನಡೆಯುತ್ತದೆ. ಜೀಪಿನ ಕಾಲಡಿಯ ಮಾಸ್ಟರಿಗೆ ಅಷ್ಟು ಎತ್ತರ ಸಿಗುವುದಿಲ್ಲ, ಅಲ್ಲಿ ಇಬ್ಬರ ವಿಧಾನವೇ ಸರಿ.

ರಸ್ತೆಗೆ ಇಳಿಸುವ ಮೊದಲು

ಶೂಗಳನ್ನು ಸಡಿಲಿಸಿ: ಪೆಡಲ್ ಒಮ್ಮೆ ಜೋರಾಗಿ ತುಳಿದು ಶೂ ನಡುವಿಗೆ ಕೂತ ಮೇಲೆ, ಚಕ್ರ ಕೈಯಿಂದ ಸರಾಗ ತಿರುಗುವವರೆಗೆ. ಎಲ್ಲೋ ಒಂದು ಕಡೆ ಸಣ್ಣಗೆ ಸವರಿದರೆ ಅಡ್ಡಿಯಿಲ್ಲ. ಹಿಂದಿನ ಶೂ ಸರಿಪಡಿಸಿದ ನಂತರವೇ ಹ್ಯಾಂಡ್ ಬ್ರೇಕ್ ಕೇಬಲ್ ನೋಡಿ. ಪೆಡಲನ್ನು ಪೂರ್ತಿ ಬಲದಿಂದ ಒಂದು ನಿಮಿಷ ಹಿಡಿಯಿರಿ, ಜೊತೆಯವರು ಟಾರ್ಚ್ ಹಿಡಿದು ಪ್ರತಿ ನಿಪ್ಪಲ್, ಯೂನಿಯನ್, ಹೋಸ್ ನೋಡಲಿ. ಬಣ್ಣದ ಮೇಲೆ ಬಿದ್ದ ಆಯಿಲ್ಲಿಗೆ ತಕ್ಷಣ ನೀರು ಸುರಿಯಿರಿ, ಒರೆಸುತ್ತ ಕೂತರೆ ಬಣ್ಣವೂ ಜೊತೆಗೆ ಬರುತ್ತದೆ.

ಖಾಲಿ ಜಾಗದಲ್ಲಿ 10 ಕಿಲೋಮೀಟರ್ ವೇಗದಲ್ಲಿ, ಹ್ಯಾಂಡ್ ಬ್ರೇಕ್ ಕೈಯಲ್ಲಿಟ್ಟುಕೊಂಡು ಮೊದಲ ಬ್ರೇಕ್ ಹಾಕಿ, ನಂತರ 30, ನಂತರ 40. ಇಳಿದು ನಾಲ್ಕೂ ಡ್ರಮ್ಮಿನ ಹತ್ತಿರ ಕೈ ಒಡ್ಡಿ. ಒಂದು ಮಾತ್ರ ಹೆಚ್ಚು ಬಿಸಿಯಾಗಿದ್ದರೆ ಅದರ ಶೂ ಇನ್ನೂ ಬಿಗಿ, ಒಂದು ಮಾತ್ರ ತಣ್ಣಗಿದ್ದರೆ ಅದರ ಸಿಲಿಂಡರ್ ಸಿಕ್ಕಿಕೊಂಡಿದೆ. ಮರುದಿನ ಬೆಳಿಗ್ಗೆ ಗಾಡಿ ಚಾಲೂ ಮಾಡುವ ಮೊದಲು ಒಂದೇ ಸಲ ಪೆಡಲ್ ಒತ್ತಿ, ರಿಸರ್ವಾಯರಿನ ಗುರುತು ನೋಡಿ. ಮಟ್ಟ ಇಳಿದಿದ್ದರೆ ಅಥವಾ ಪೆಡಲಿಗೆ ಎರಡನೇ ಒತ್ತು ಬೇಕಾದರೆ ಗಾಡಿಯನ್ನು ಅಲ್ಲೇ ನಿಲ್ಲಿಸಿ, ಮತ್ತೆ ಚಕ್ರದ ಒಳಮಗ್ಗುಲಿನಿಂದ ಹುಡುಕಾಟ ಶುರು ಮಾಡಿ.